ಸರ್ಕಾರ ಅಂಜಿದ್ದು ಯಾವ ಪುಟಕ್ಕೆ?

1912ರ ಬೇಸಿಗೆಯಲ್ಲಿ ಟೋಕಿಯೊದ ದಿನಪತ್ರಿಕೆಗಳು ಒಂದು ಸುದ್ದಿಯನ್ನು ಬಾಯಿ ಚಪ್ಪರಿಸಿಕೊಂಡು ಬರೆದವು. ಹೆಂಗಸರೇ ಸೇರಿ ನಡೆಸುತ್ತಿದ್ದ ‘ಸೇತೋ’ ಮಾಸಪತ್ರಿಕೆಯ ಯುವತಿಯರು ಬಾರಿನಲ್ಲಿ ಬಣ್ಣಬಣ್ಣದ ಮದ್ಯ ಕುಡಿದರು, ಅದೂ ಸಾಲದೆಂದು ನಗರದ ವೇಶ್ಯಾವಾಟಿಕೆ ಯೋಶಿವಾರಾಕ್ಕೂ ಹೋಗಿಬಂದರು ಎನ್ನುವುದು ಆ ಸುದ್ದಿ. ಪತ್ರಿಕೆಯ ಸಂಸ್ಥಾಪಕಿ ಹಿರಾತ್ಸುಕಾ ರೈಚೋ ಅವರ ಮನೆಯ ಮೇಲೆ ಕಲ್ಲು ಬಿದ್ದವು. ಶತಮಾನ ಕಳೆದ ಮೇಲೂ ಅವರ ಬಗ್ಗೆ ಬರೆಯುವವರು ಮೊದಲು ನೆನೆಯುವುದು ಈ ಹಗರಣವನ್ನೇ. ಆದರೆ ಜಪಾನ್ ಸರ್ಕಾರ ‘ಸೇತೋ’ದ ಯಾವ ಸಂಚಿಕೆಗಳ ಮಾರಾಟ ನಿಲ್ಲಿಸಿತು ಎಂದು ಹುಡುಕಿ ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಮದುವೆಯಾದ ಹೆಣ್ಣೊಬ್ಬಳು ತನ್ನ ಪ್ರಿಯಕರನಿಗೆ ಬರೆದ ಪತ್ರದ ರೂಪದ ಕಥೆ, ಹೆಣ್ಣಿನ ಬಿಡುಗಡೆಗೂ ಆಸ್ತಿ ವ್ಯವಸ್ಥೆಗೂ ಇರುವ ನಂಟನ್ನು ಬಿಡಿಸಿದ ಲೇಖನ, ಗರ್ಭಪಾತ ಮಾಡಿಸಿಕೊಂಡು ಜೈಲು ಸೇರಿದವಳ ಕಥೆ: ನಿಷೇಧದ ಪಟ್ಟಿಯಲ್ಲಿ ಕಾಣುವುದು ಇವು. ಮದ್ಯದ ಪ್ರಸಂಗ ಅಲ್ಲಿಲ್ಲ. ಅದು ಊರಿಗೆ ಮನರಂಜನೆಯಾಗಿತ್ತು, ಅಷ್ಟೆ. ಸರ್ಕಾರದ ನಿದ್ದೆ ಕೆಡಿಸಿದ್ದು ಮದುವೆ, ಶೀಲ, ಬಸಿರು, ಹೆರಿಗೆಯಂಥ ಮನೆಯೊಳಗಿನ ಸಂಗತಿಗಳು ಹೆಂಗಸರದೇ ಬರಹದಲ್ಲಿ ಅಚ್ಚಾಗಿ, ಸಾರ್ವಜನಿಕ ಚರ್ಚೆಯ ವಿಷಯಗಳಾಗಿ ಹೊರಬಂದದ್ದು. ರೈಚೋ ಅವರ ನಿಜವಾದ ಹಿರಿಮೆ ಇರುವುದು ಈ ಚರ್ಚೆಗೆ ಪುಟ ತೆರೆದ ಸಂಪಾದಕತ್ವದಲ್ಲಿ. ಅವರ ಖಾಸಗಿ ಬದುಕಿನ ಸುತ್ತ ಹಬ್ಬಿದ ಗದ್ದಲದಲ್ಲಿ ಆ ಹಿರಿಮೆ ಮುಚ್ಚಿಹೋಗಿದೆ.

ಪತ್ರಿಕೆ ಹುಟ್ಟಿದ ಕಾಲವನ್ನು ತಿಳಿಯದೆ ಅದರ ಧೈರ್ಯದ ಬೆಲೆ ತಿಳಿಯುವುದಿಲ್ಲ. 1898ರ ನಾಗರಿಕ ಸಂಹಿತೆ ಜಪಾನಿನ ಕುಟುಂಬವನ್ನು ಯಜಮಾನನ ಕೈಗೆ ಒಪ್ಪಿಸಿತ್ತು. ಸಾಲ, ಮಾರಾಟ, ವ್ಯಾಜ್ಯ ಏನಿದ್ದರೂ ಹೆಂಡತಿಯಾದವಳು ಗಂಡನ ಒಪ್ಪಿಗೆ ಪಡೆಯಬೇಕಿತ್ತು. 1907ರ ದಂಡ ಸಂಹಿತೆಯ ಪ್ರಕಾರ ವ್ಯಭಿಚಾರ ಹೆಂಡತಿ ಮಾಡಿದರೆ ಅಪರಾಧ. ಗಂಡ ಮಾಡಿದರೆ, ಇನ್ನೊಬ್ಬನ ಹೆಂಡತಿಯ ತಂಟೆಗೆ ಹೋಗದಿರುವ ತನಕ, ಅಪರಾಧವಲ್ಲ. 1900ರ ಪೊಲೀಸ್ ಕಾನೂನಿನ 5ನೇ ಕಲಮು ಹೆಂಗಸರು ರಾಜಕೀಯ ಪಕ್ಷ ಸೇರುವುದನ್ನಷ್ಟೇ ಅಲ್ಲ, ರಾಜಕೀಯ ಸಭೆಯಲ್ಲಿ ಕೂತು ಕೇಳುವುದನ್ನೂ ತಡೆದಿತ್ತು. ‘ಒಳ್ಳೆಯ ಹೆಂಡತಿ, ವಿವೇಕಿ ತಾಯಿ’ಯನ್ನು ತಯಾರು ಮಾಡುವುದೇ ಹೆಣ್ಣುಮಕ್ಕಳ ಶಾಲೆಗಳ ಗುರಿಯಾಗಿತ್ತು. ಇದಕ್ಕೆಲ್ಲ ಮೇಲೆ, 1911ರ ಜನವರಿಯಲ್ಲಿ ಚಕ್ರವರ್ತಿಯ ಹತ್ಯೆಗೆ ಸಂಚು ಹೂಡಿದರೆಂಬ ಆಪಾದನೆಯ ಮೇಲೆ 12 ಮಂದಿಯನ್ನು ಗಲ್ಲಿಗೇರಿಸಲಾಗಿತ್ತು. ಅವರಲ್ಲಿ ಕನ್ನೋ ಸುಗಾ ಎಂಬ ಪತ್ರಕರ್ತೆಯೂ ಇದ್ದರು. ಸರ್ಕಾರವನ್ನು ಪ್ರಶ್ನಿಸುವ ಬಾಯಿಗಳೆಲ್ಲ ಮುಚ್ಚಿದ್ದ ಆ ವರ್ಷದಲ್ಲೇ, ಸೆಪ್ಟೆಂಬರ್ ತಿಂಗಳಲ್ಲಿ, ‘ಸೇತೋ’ದ ಮೊದಲ ಸಂಚಿಕೆ ಹೊರಬಂತು.

ಅದನ್ನು ಹೊರತಂದವರಿಗೆ ಆಗ 25 ವರ್ಷ. 1886ರಲ್ಲಿ ಟೋಕಿಯೊದ ಉನ್ನತ ಸರ್ಕಾರಿ ಅಧಿಕಾರಿಯೊಬ್ಬರ ಮಗಳಾಗಿ ಹುಟ್ಟಿದ ಹಿರಾತ್ಸುಕಾ ಹಾರು, ಅಂದರೆ ಮುಂದಿನ ರೈಚೋ, ಓದಿನಲ್ಲಿ ಮುಂದು, ವಿಧೇಯತೆಯಲ್ಲಿ ಹಿಂದು. ಜಪಾನ್ ಮಹಿಳಾ ವಿಶ್ವವಿದ್ಯಾಲಯದಲ್ಲಿ ಗೃಹವಿಜ್ಞಾನ ಓದಿ 1906ರಲ್ಲಿ ಹೊರಬಂದ ಅವರು ಝೆನ್ ಧ್ಯಾನದಲ್ಲಿ ಆಳವಾಗಿ ತೊಡಗಿದ್ದರು. 1908ರಲ್ಲಿ, ಹೆಸರಾಂತ ಕಾದಂಬರಿಕಾರ ನತ್ಸುಮೆ ಸೋಸೆಕಿ ಅವರ ಶಿಷ್ಯ, ವಿವಾಹಿತ ಲೇಖಕ ಮೊರಿತಾ ಸೋಹೆಯ್ ಜೊತೆ ಜೀವ ಬಿಡುವ ಮಾತಾಡಿಕೊಂಡು ಶಿಯೊಬಾರಾದ ಹಿಮಬೆಟ್ಟಕ್ಕೆ ಹೋದರು. ಪೊಲೀಸರು ಇಬ್ಬರನ್ನೂ ಹುಡುಕಿ ಕರೆತಂದರು. ಆಮೇಲೆ ನಡೆದದ್ದು ಗಮನಿಸಬೇಕಾದ್ದು. ಮೊರಿತಾ ಆ ಪ್ರಸಂಗವನ್ನೇ ಕಾದಂಬರಿಯಾಗಿಸಿ, ದಿನಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟಿಸಿ ಹೆಸರು ಮಾಡಿದರು. ಹಾರು ಅವರ ಹೆಸರನ್ನು ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿನಿಯರ ಪಟ್ಟಿಯಿಂದ ಹೊಡೆದುಹಾಕಲಾಯಿತು. ಒಂದೇ ಘಟನೆ ಗಂಡಿಗೆ ಸಾಹಿತ್ಯವಾಯಿತು, ಹೆಣ್ಣಿಗೆ ಕಳಂಕವಾಯಿತು. ತನ್ನ ಕಥೆಯನ್ನು ಬೇರೆಯವರು ಬರೆದು ಮಾರುವುದನ್ನು ಕಂಡ ಹೆಣ್ಣು, ಬರೆಯುವ ಪುಟವೇ ತನ್ನ ಕೈಯಲ್ಲಿರಬೇಕು ಎಂದು ನಿಶ್ಚಯಿಸಿದ್ದರೆ ಆಶ್ಚರ್ಯವಿಲ್ಲ.

ಪತ್ರಿಕೆ ತೆಗೆಯಿರಿ ಎಂದು ಸಲಹೆ ಕೊಟ್ಟವರು ವಿಮರ್ಶಕ ಇಕುತಾ ಚೋಕೋ. ಬಂಡವಾಳ ಕೊಟ್ಟವರು ತಾಯಿ. ಮಗಳ ಮದುವೆಗೆಂದು ಕೂಡಿಟ್ಟಿದ್ದ ಹಣ ಮುದ್ರಣಾಲಯಕ್ಕೆ ಹೋಯಿತು. ಮೊದಲ ಸಂಚಿಕೆಯ ಮುಖಪುಟ ಬರೆದವರು ಚಿತ್ರಕಾರ್ತಿ ನಾಗಾನುಮಾ ಚಿಯೆಕೋ. ಒಳಗೆ ಮೊದಲಿಗೆ ಆ ಕಾಲದ ಹೆಸರುವಾಸಿ ಕವಯಿತ್ರಿ ಯೋಸಾನೋ ಆಕಿಕೋ ಅವರ ಕವಿತೆ. ಹಾರು ಅವರು ಆ ಸಂಚಿಕೆಗಾಗಿ ಬರೆದ ಪ್ರಣಾಳಿಕೆಯಲ್ಲಿ ಮೊದಲ ಸಲ ರೈಚೋ ಎಂಬ ಹೆಸರನ್ನು ಹಾಕಿಕೊಂಡರು; ಅದು ಎತ್ತರದ ಹಿಮಬೆಟ್ಟಗಳಲ್ಲಿ ಬಾಳುವ ಒಂದು ಹಕ್ಕಿಯ ಹೆಸರು. ಆದಿಯಲ್ಲಿ ಸ್ವಯಂಪ್ರಕಾಶದ ಸೂರ್ಯನಾಗಿದ್ದ ಹೆಣ್ಣು ಇಂದು ಬೇರೊಬ್ಬರ ಬೆಳಕಿನಲ್ಲಿ ಹೊಳೆಯುವ ಪೇಲವ ಚಂದ್ರನಾಗಿದ್ದಾಳೆ, ಮುಚ್ಚಿಹೋದ ಆ ಸೂರ್ಯನನ್ನು ಮರಳಿ ಪಡೆಯಬೇಕು ಎನ್ನುವುದು ಅದರ ತಿರುಳು. ಅಚ್ಚಾದದ್ದು 1,000 ಪ್ರತಿ; ಮುಂದೆ ಅದು ಹೆಚ್ಚೆಂದರೆ 3,000ಕ್ಕೆ ಏರಿತು. ಹೆಣ್ಣುಮಕ್ಕಳ ಸಾಹಿತ್ಯ ಪ್ರತಿಭೆಗೆ ವೇದಿಕೆಯಾಗುವುದೇ ಆರಂಭದ ಉದ್ದೇಶವಾಗಿತ್ತು. ಅದನ್ನು ಬಂಡಾಯದ ಪತ್ರಿಕೆಯಾಗಿಸಿದ್ದರಲ್ಲಿ ಸರ್ಕಾರದ ಪಾಲೂ ದೊಡ್ಡದು.

1912ರ ಏಪ್ರಿಲ್‌ನ ಒಂದು ರಾತ್ರಿ ಪೊಲೀಸರು ಪತ್ರಿಕೆಯ ಕಚೇರಿಗೆ ಬಂದರು. ಕಚೇರಿ ಎಂದರೆ ಸ್ಥಾಪಕಿಯರಲ್ಲಿ ಒಬ್ಬರಾದ ಮೊಜುಮೆ ಕಜುಕೋ ಅವರ ಮನೆ; ತಂದೆ ದೊಡ್ಡ ವಿದ್ವಾಂಸರು. ಅರಾಕಿ ಇಕುಕೋ ಬರೆದ ‘ಪತ್ರ’ ಎಂಬ ಕಥೆಗಾಗಿ ಆ ತಿಂಗಳ ಸಂಚಿಕೆಯ ಮಾರಾಟವನ್ನು ನಿಷೇಧಿಸಲಾಗಿತ್ತು. ಉಳಿದ ಪ್ರತಿಗಳನ್ನು ಪೊಲೀಸರು ಹೊತ್ತೊಯ್ದರು. ಮನೆತನದ ಮಾನ ಹೋಯಿತೆಂದು ತಂದೆ ಸಿಡಿದರು. ಮಗಳು ಸಂಘದಿಂದ ಹೊರನಡೆಯಬೇಕಾಯಿತು, ಕಚೇರಿ ಮನೆ ಬದಲಿಸಬೇಕಾಯಿತು. ನಿಷೇಧ ಕೆಲಸ ಮಾಡುತ್ತಿದ್ದ ರೀತಿ ಇಲ್ಲಿ ಹತ್ತಿರದಿಂದ ಕಾಣುತ್ತದೆ. ಸರ್ಕಾರ ಬರಹಗಾರ್ತಿಯನ್ನು ಜೈಲಿಗೆ ಹಾಕುವ ಅಗತ್ಯವೇ ಇರಲಿಲ್ಲ. ಪೊಲೀಸರು ಒಮ್ಮೆ ಬಾಗಿಲು ತಟ್ಟಿದರೆ ಮಿಕ್ಕ ಕೆಲಸವನ್ನು ಅಪ್ಪ, ಅಣ್ಣ, ಗಂಡ ಮಾಡಿ ಮುಗಿಸುತ್ತಿದ್ದರು. ‘ಸೇತೋ’ಗೆ ಬರೆದದ್ದು ಗೊತ್ತಾದರೆ ಶಿಕ್ಷಕಿಯರ ಕೆಲಸಕ್ಕೆ ಸಂಚಕಾರ, ಹೆಣ್ಣುಮಕ್ಕಳ ಮದುವೆಗೆ ಅಡ್ಡಿ. ಮನೆಯ ಅಧಿಕಾರವೂ ರಾಜ್ಯದ ಅಧಿಕಾರವೂ ಒಂದೇ ಹಗ್ಗದ ಎರಡು ತುದಿಗಳೆಂದು ಆ ಯುವತಿಯರಿಗೆ ಅರ್ಥವಾದದ್ದು ಪುಸ್ತಕ ಓದಿ ಅಲ್ಲ, ಹೀಗೆ ಅನುಭವಿಸಿ.

ಮದ್ಯದ ಹಗರಣ ಎದ್ದದ್ದು ಇದಾದ ಕೆಲವೇ ತಿಂಗಳಲ್ಲಿ. ಬಳಗದ ಕಿರಿಯ ಚಿತ್ರಕಾರ್ತಿ ಓತಾಕೆ ಕೋಕಿಚಿ ಪತ್ರಿಕೆಗೆ ಜಾಹೀರಾತು ಕೇಳಲು ಒಂದು ಪಾಶ್ಚಾತ್ಯ ಶೈಲಿಯ ಹೋಟೆಲಿಗೆ ಹೋಗಿದ್ದರು. ಅಲ್ಲಿ ಒಂದೇ ಗ್ಲಾಸಿನಲ್ಲಿ ಐದು ಬಣ್ಣ ಪದರಪದರವಾಗಿ ನಿಲ್ಲುವ ಮದ್ಯವನ್ನು ನೋಡಿ ಬೆರಗಾಗಿ ಅದರ ಬಗ್ಗೆ ಪತ್ರಿಕೆಯಲ್ಲಿ ಲಹರಿಯಲ್ಲಿ ಬರೆದರು. ಯೋಶಿವಾರಾದ ಭೇಟಿಯನ್ನು ಏರ್ಪಡಿಸಿದವರು ಅವರದೇ ಚಿಕ್ಕಪ್ಪ, ಹೆಸರಾಂತ ಚಿತ್ರಕಾರ. ಹೆಣ್ಣಿನ ಬಗ್ಗೆ ಬರೆಯುವವರು ಅಲ್ಲಿರುವ ಹೆಣ್ಣುಮಕ್ಕಳ ಪಾಡನ್ನೂ ಕಣ್ಣಾರೆ ಕಾಣಬೇಕು ಎನ್ನುವುದು ಅವರ ಮಾತು. ಆ ಬೀದಿಗೆ ಸಾವಿರಾರು ಗಂಡಸರು ಕಾನೂನಿನ ಒಪ್ಪಿಗೆಯಿಂದಲೇ ಹೋಗಿಬರುತ್ತಿದ್ದರು, ಅದು ಸುದ್ದಿಯಲ್ಲ. ಮೂವರು ಹೆಂಗಸರು ಹೋದದ್ದು ಸುದ್ದಿ. ಕೋಕಿಚಿ ನೊಂದು ಬಳಗ ಬಿಟ್ಟರು. ರೈಚೋ ಮಾತ್ರ 1913ರ ಜನವರಿಯಲ್ಲಿ ‘ಚುವೋ ಕೋರೋನ್’ ಎಂಬ ಪ್ರತಿಷ್ಠಿತ ಮಾಸಿಕದಲ್ಲಿ, ಲೋಕ ಹೀಯಾಳಿಸಿ ಕರೆದ ‘ಹೊಸ ಹೆಣ್ಣು’ ನಾನೇ ಎಂದು ಘೋಷಿಸಿ ಲೇಖನ ಬರೆದರು. ಬೈಗುಳವನ್ನು ಬಿರುದಾಗಿ ಹೊತ್ತು ನಿಂತರು.

ಅಲ್ಲಿಂದ ಮುಂದೆ ಪತ್ರಿಕೆಯ ದಿಕ್ಕು ಸ್ಪಷ್ಟವಾಯಿತು. 1913ರ ಫೆಬ್ರುವರಿಯಲ್ಲಿ ಹಿರಿಯ ಹೋರಾಟಗಾರ್ತಿ ಫುಕುದಾ ಹಿದೆಕೋ ಅವರ ಲೇಖನ ಪ್ರಕಟವಾಯಿತು. ಸಮುದಾಯ ಒಡೆತನದ ವ್ಯವಸ್ಥೆ ಬರದೆ ಹೆಣ್ಣಿನ ಪೂರ್ಣ ಬಿಡುಗಡೆ ಸಾಧ್ಯವಿಲ್ಲ ಎಂದು ಅವರು ವಾದಿಸಿದ್ದರು. ಸಂಚಿಕೆ ನಿಷೇಧವಾಯಿತು. ಏಪ್ರಿಲ್‌ನಲ್ಲಿ ರೈಚೋ ತಾವೇ ಲೋಕದ ಹೆಂಗಸರಿಗೆ ಒಂದು ಬಹಿರಂಗ ಪತ್ರ ಬರೆದು, ಮದುವೆಯೊಂದೇ ಹೆಣ್ಣಿನ ದಾರಿ ಏಕಾಗಬೇಕು, ಹೆಂಡತಿಯನ್ನು ಅಧಿಕಾರವಿಲ್ಲದವಳನ್ನಾಗಿ ಮಾಡುವ ಕಾನೂನನ್ನು ಏಕೆ ಒಪ್ಪಬೇಕು ಎಂದು ಕೇಳಿದರು. ಪೊಲೀಸರಿಂದ ಎಚ್ಚರಿಕೆ ಬಂತು. ಅದೇ ಬರಹವನ್ನು ಒಳಗೊಂಡಿದ್ದ ಅವರ ಪ್ರಬಂಧ ಸಂಕಲನಕ್ಕೂ ನಿಷೇಧ ಬಿತ್ತು. ನಾಗರಿಕ ಸಂಹಿತೆಯ ಬುಡಕ್ಕೇ ಕೈ ಹಾಕಿದ ಪ್ರಶ್ನೆ ಅದಾಗಿದ್ದರಿಂದ ಸರ್ಕಾರದ ಭಯಕ್ಕೆ ಅರ್ಥವಿತ್ತು.

ಇದಕ್ಕಿಂತ ಹೆಚ್ಚಿನದು ‘ಸೇತೋ’ ತನ್ನೊಳಗೇ ಬೆಳೆಸಿದ ವಾದ ಪ್ರತಿವಾದ. 1914ರ ಕೊನೆಗೆ ಎದ್ದ ಶೀಲದ ಚರ್ಚೆಯನ್ನೇ ನೋಡಬಹುದು. ತೊಕುಶಿಮಾ ಕಡೆಯಿಂದ ಬಂದು, ತಮ್ಮನನ್ನು ಸಾಕುತ್ತ ಟೋಕಿಯೊದಲ್ಲಿ ದುಡಿಯುತ್ತಿದ್ದ ಇಕುತಾ ಹನಾಯೋ, ಹೊಟ್ಟೆಪಾಡಿಗಾಗಿ ಕೆಲಸ ಕೊಟ್ಟವನಿಗೆ ಮೈ ಒಪ್ಪಿಸಬೇಕಾದ ಪರಿಸ್ಥಿತಿಯನ್ನು ಬೇರೊಂದು ಪತ್ರಿಕೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಹಸಿವಿನ ಮುಂದೆ ಶೀಲದ ಮಾತು ದೂರದ್ದು ಎಂಬುದು ಅವರ ನಿಲುವು. ‘ಸೇತೋ’ದಲ್ಲಿ ಯಾಸುದಾ ಸತ್ಸುಕಿ ಅದನ್ನು ಕಟುವಾಗಿ ಖಂಡಿಸಿದರು; ಹೆಣ್ಣು ತನ್ನ ಇಡೀ ವ್ಯಕ್ತಿತ್ವವನ್ನು ಯಾವ ಕಾರಣಕ್ಕೂ ಒತ್ತೆ ಇಡಬಾರದು ಎಂದರು. ಬಳಗದ ಇತೋ ನೋಯೆ ಮಧ್ಯೆ ಬಂದು, ಗಂಡಿಗೆ ಇಲ್ಲದ ಶೀಲದ ಕಟ್ಟು ಹೆಣ್ಣಿಗೆ ಮಾತ್ರ ಏಕೆ ಎಂದು ಕೇಳಿದರು. 1915ರಲ್ಲಿ ಅದೇ ಸತ್ಸುಕಿ ಗರ್ಭಪಾತದ ಹಕ್ಕನ್ನು ಎತ್ತಿಹಿಡಿದ ಕಥೆ ಬರೆದಾಗ ಸಂಚಿಕೆ ನಿಷೇಧವಾಯಿತು, ಚರ್ಚೆ ನಿಲ್ಲಲಿಲ್ಲ. ಸೂಳೆಗಾರಿಕೆಯ ಪ್ರಶ್ನೆ ಬಂದಾಗ ಪತ್ರಿಕೆಯ ಹೊಣೆ ಹೊತ್ತಿದ್ದ ನೋಯೆ ಅವರ ವಾದದ ತಪ್ಪುಗಳನ್ನು ಆಗ ಅಷ್ಟಾಗಿ ಪರಿಚಿತರಲ್ಲದ ಯುವತಿ, ಮುಂದೆ ಯಾಮಾಕಾವಾ ಕಿಕುಯೆ ಎಂದು ಪ್ರಖ್ಯಾತರಾದ ಲೇಖಕಿ, ಆ ಪತ್ರಿಕೆಯಲ್ಲೇ ಒಂದೊಂದಾಗಿ ಎತ್ತಿ ತೋರಿಸಿದರು. ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವ ಪತ್ರಿಕೆಗಳು ಆಗ ಜಪಾನಿನಲ್ಲಿ ಬೇಕಾದಷ್ಟಿದ್ದವು. ಹೆಣ್ಣುಮಕ್ಕಳು ಪರಸ್ಪರ ಭಿನ್ನವಾಗಿ ಯೋಚಿಸುತ್ತಾರೆ, ಆ ಭಿನ್ನತೆಯನ್ನು ಹಾಗೆಯೇ ಅಚ್ಚು ಹಾಕಬೇಕು ಎಂದು ನಂಬಿ ನಡೆದದ್ದು ‘ಸೇತೋ’.

ಇದೆಲ್ಲ ಉಳ್ಳವರ ಮನೆಯ ಓದಿದ ಹೆಣ್ಣುಮಕ್ಕಳ ಹವ್ಯಾಸ, ಮಗ್ಗದ ಮುಂದೆ ದಿನವಿಡೀ ನಿಲ್ಲುತ್ತಿದ್ದ ಗಿರಣಿ ಹುಡುಗಿಯರಿಗೂ ಇದಕ್ಕೂ ಏನು ಸಂಬಂಧ ಎಂಬ ಆಕ್ಷೇಪ ಅಂದೂ ಇತ್ತು, ಇಂದೂ ಇದೆ. ಅದರಲ್ಲಿ ಹುರುಳಿಲ್ಲ ಎನ್ನಲಾಗದು. ಸ್ಥಾಪಕಿಯರು ಅನುಕೂಲಸ್ಥರೇ, ಮೊದಲ ಪ್ರಣಾಳಿಕೆಯಲ್ಲಿ ಕೂಲಿ, ಹಸಿವಿನ ಮಾತು ಇಲ್ಲ. ಆದರೆ ಬಾಗಿಲು ತೆರೆದ ಮೇಲೆ ಒಳಬಂದವರು ಯಾರು ಎಂದೂ ನೋಡಬೇಕು. ಇತೋ ನೋಯೆ ಫುಕುವೋಕಾ ಹತ್ತಿರದ ಕಡಲತೀರದ ಹಳ್ಳಿಯ ಬಡಮನೆಯ ಹುಡುಗಿ. ಮನೆಯವರು ಗೊತ್ತು ಮಾಡಿದ ಮದುವೆಯಿಂದ ತಪ್ಪಿಸಿಕೊಂಡು ಬಂದು 17ನೇ ವಯಸ್ಸಿನಲ್ಲಿ ‘ಸೇತೋ’ ಸೇರಿದವರು. ಹಸಿವಿನ ಬಗ್ಗೆ ಬರೆದ ಹನಾಯೋ ಕಲ್ಪನೆಯಿಂದ ಬರೆದವರಲ್ಲ. ರೈಚೋ ಅವರೂ 1919ರಲ್ಲಿ ಹೋರಾಟಗಾರ್ತಿ ಇಚಿಕಾವಾ ಫುಸಾಯೆ ಜೊತೆ ನಗೋಯಾ ಪ್ರದೇಶದ ಬಟ್ಟೆ ಗಿರಣಿಗಳಿಗೆ ಹೋಗಿ ಅಲ್ಲಿಯ ಹೆಣ್ಣುಮಕ್ಕಳ ಸ್ಥಿತಿ ಕಂಡು ಕಲಕಿಹೋದರು. ಉಳ್ಳವರು ಆರಂಭಿಸಿದರು ಎನ್ನುವುದು ದೋಷವಲ್ಲ. ಬಾಗಿಲು ಮುಚ್ಚಿಕೊಂಡಿದ್ದರೆ ದೋಷವಾಗುತ್ತಿತ್ತು.

ರೈಚೋ ಅವರ ಖಾಸಗಿ ನಡತೆಯೇ ಹೆಣ್ಣುಮಕ್ಕಳ ಚಳವಳಿಗೆ ಕೆಟ್ಟ ಹೆಸರು ತಂದಿತು, ಸ್ವಲ್ಪ ತಗ್ಗಿ ನಡೆದಿದ್ದರೆ ಹೆಚ್ಚು ಸಾಧಿಸಬಹುದಿತ್ತು ಎನ್ನುವವರೂ ಇದ್ದಾರೆ. 1914ರಲ್ಲಿ ತಮಗಿಂತ ಕಿರಿಯ ಚಿತ್ರಕಾರ ಒಕುಮುರಾ ಹಿರೋಶಿ ಜೊತೆ ಮದುವೆ ನೋಂದಾಯಿಸದೆ ಸಂಸಾರ ಹೂಡಿದ ರೈಚೋ, ಮನೆ ಬಿಡುವಾಗ ತಂದೆತಾಯಿಗೆ ಬರೆದ ಪತ್ರವನ್ನು ಪತ್ರಿಕೆಯಲ್ಲಿ ಪ್ರಕಟಿಸಿದರು. ಹುಟ್ಟಿದ ಇಬ್ಬರು ಮಕ್ಕಳನ್ನೂ ತಮ್ಮದೇ ಹೆಸರಿನ ಕುಟುಂಬ ದಾಖಲೆಗೆ ಸೇರಿಸಿದರು. ಇದರಲ್ಲಿ ಸ್ವೇಚ್ಛೆ ಕಾಣುವವರು ಒಂದನ್ನು ಮರೆಯುತ್ತಾರೆ. ಹೆಂಡತಿಯ ಸ್ಥಾನವನ್ನು ಹೀನಗೊಳಿಸುವ ಕಾನೂನನ್ನು ಟೀಕಿಸಿ, ಆಮೇಲೆ ಅದೇ ಕಾನೂನಿನಡಿ ರುಜು ಹಾಕಿದ್ದರೆ ಬರೆದದ್ದಕ್ಕೆ ಯಾವ ಬೆಲೆ ಉಳಿಯುತ್ತಿತ್ತು? ನುಡಿದಂತೆ ನಡೆಯುವುದನ್ನು ಗಂಡಸರಲ್ಲಿ ಸತ್ವವೆಂದು ಹೊಗಳುವ ಸಮಾಜ, ಹೆಂಗಸರಲ್ಲಿ ಅದನ್ನೇ ಹಠವೆಂದು ತೆಗಳುವುದು ನ್ಯಾಯವಲ್ಲ. ಮಗ ಸೈನ್ಯಕ್ಕೆ ಸೇರುವ ವಯಸ್ಸಿಗೆ ಬಂದಾಗ ಅವನಿಗೆ ತೊಂದರೆಯಾಗದಿರಲೆಂದು 1941ರಲ್ಲಿ ಅವರು ಮದುವೆ ನೋಂದಾಯಿಸಿದರು. ಅವರು ಎತ್ತಿದ ಪ್ರಶ್ನೆ ಎಷ್ಟು ನಿಜವಾದದ್ದು ಎಂಬುದಕ್ಕೆ ಆ ಬಲವಂತವೇ ಸಾಕ್ಷಿ.

ಪತ್ರಿಕೆಯನ್ನು ನಡುನೀರಿನಲ್ಲಿ ಕೈಬಿಟ್ಟರು ಎಂಬುದು ಮತ್ತೊಂದು ದೂರು. ಸಾಲ, ದಣಿವು, ಕುಸಿಯುತ್ತಿದ್ದ ಪ್ರಸಾರ ಇವುಗಳ ನಡುವೆ 1915ರ ಜನವರಿಯಲ್ಲಿ ಅವರು ‘ಸೇತೋ’ವನ್ನು ನೋಯೆ ಕೈಗೆ ಒಪ್ಪಿಸಿದ್ದು ನಿಜ. 1916ರ ಫೆಬ್ರುವರಿಯಲ್ಲಿ, 52 ಸಂಚಿಕೆಗಳ ನಂತರ, ಪತ್ರಿಕೆ ನಿಂತಿತು. ನೋಯೆ ಅವರ ಅಂತ್ಯ ಘೋರವಾದದ್ದು: 1923ರ ಭೂಕಂಪದ ಗದ್ದಲದಲ್ಲಿ ಮಿಲಿಟರಿ ಪೊಲೀಸರು ಅವರನ್ನೂ ಅವರ ಸಂಗಾತಿ ಓಸುಗಿ ಸಾಕಾಯೆ ಅವರನ್ನೂ ಆರು ವರ್ಷದ ಸೋದರಳಿಯನನ್ನೂ ಕೊಂದರು. ಆದರೆ ಪತ್ರಿಕೆ ನಿಂತರೂ ವಾದ ನಿಲ್ಲಲಿಲ್ಲ. 1918-19ರಲ್ಲಿ ತಾಯ್ತನದ ಬಗ್ಗೆ ನಡೆದ ಪ್ರಸಿದ್ಧ ಚರ್ಚೆಯಲ್ಲಿ ಎದುರುಬದುರಾದವರು ‘ಸೇತೋ’ದ ಪುಟಗಳಲ್ಲಿ ಪಳಗಿದವರೇ. ದುಡಿದು ತನ್ನ ಕಾಲ ಮೇಲೆ ನಿಲ್ಲುವ ತನಕ ಹೆಣ್ಣು ತಾಯಿಯಾಗಬಾರದು, ಸರ್ಕಾರದ ಮುಂದೆ ಕೈಯೊಡ್ಡಬಾರದು ಎಂದರು ಯೋಸಾನೋ ಆಕಿಕೋ. ಮಕ್ಕಳನ್ನು ಹೆತ್ತು ಬೆಳೆಸುವುದು ಸಮಾಜಕ್ಕಾಗಿ ಮಾಡುವ ಕೆಲಸ, ಅದರ ಹೊಣೆಯನ್ನು ರಾಜ್ಯ ಹೊರಬೇಕು ಎಂದರು ರೈಚೋ. ದುಡಿಮೆಯ ವ್ಯವಸ್ಥೆಯೇ ಬದಲಾಗದೆ ಇಬ್ಬರ ದಾರಿಯೂ ಅರ್ಧ ಎಂದರು ಕಿಕುಯೆ. ಹೆರಿಗೆ ರಜೆ, ಶಿಶುವಿಹಾರ, ಮನೆಗೆಲಸದ ಬೆಲೆ ಎಂದು ಇಂದು ಎಲ್ಲೆಡೆ ನಡೆಯುವ ಚರ್ಚೆಯ ಮೂರೂ ನಿಲುವುಗಳು ಅಲ್ಲಿವೆ. ರೈಚೋ, ಇಚಿಕಾವಾ, ಓಕು ಮುಮೇವೋ ಸೇರಿ 1920ರಲ್ಲಿ ಕಟ್ಟಿದ ‘ಹೊಸ ಮಹಿಳಾ ಸಂಘ’ದ ಪ್ರಯತ್ನದಿಂದ 1922ರಲ್ಲಿ 5ನೇ ಕಲಮು ತಿದ್ದುಪಡಿಯಾಗಿ, ಹೆಂಗಸರು ರಾಜಕೀಯ ಸಭೆಗಳಿಗೆ ಹೋಗುವಂತಾಯಿತು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಅದೇ ಸಂಘ ಲೈಂಗಿಕ ರೋಗವಿರುವ ಗಂಡಸರ ಮದುವೆಗೆ ಕಾನೂನಿನ ತಡೆ ಬೇಕೆಂದು ಕೇಳಿತು. ಗಂಡಂದಿರಿಂದ ರೋಗ ಅಂಟಿಸಿಕೊಳ್ಳುತ್ತಿದ್ದ ಹೆಂಡತಿಯರ ಸಂಕಟ ಅದರ ಹಿಂದಿತ್ತು. ಜೊತೆಗೆ ಜನಾಂಗದ ತಳಿಯನ್ನು ಶುದ್ಧವಾಗಿಡಬೇಕೆಂಬ ಆ ಕಾಲದ ಅಪಾಯಕಾರಿ ನಂಬಿಕೆಯೂ ಇತ್ತು. 1930ರ ದಶಕದಲ್ಲಿ ರೈಚೋ ಚಕ್ರವರ್ತಿಯನ್ನು ಕೊಂಡಾಡಿಯೂ ಬರೆದರು. ಇವನ್ನು ‘ಕಾಲಧರ್ಮ’ ಎಂದು ತಳ್ಳಿಹಾಕುವುದು ಸರಿಯಲ್ಲ, ತಪ್ಪು ತಪ್ಪೇ. ಇದೇ ತಪ್ಪು ನನ್ನ ವಾದವನ್ನು ಗಟ್ಟಿಗೊಳಿಸುತ್ತದೆ. ‘ಸೇತೋ’ದ ಪುಟಗಳಲ್ಲಿ ರೈಚೋ ಅವರ ಪ್ರತಿ ಮಾತಿಗೂ ಪಕ್ಕದ ಪುಟದಲ್ಲೇ ಎದುರುತ್ತರ ಸಿಗುತ್ತಿತ್ತು. ರಾಜ್ಯದ ಕೈಯಲ್ಲಿ ತಾಯ್ತನವನ್ನು ಇಟ್ಟರೆ ರಾಜ್ಯ ಅದನ್ನು ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ ಎಂದು ಎಚ್ಚರಿಸುವವರು ಬೇಕಿತ್ತು. ಯುದ್ಧದ ಕಡೆಗೆ ಹೊರಟ ದೇಶದಲ್ಲಿ ಎದುರು ಮಾತಿಗೆ ಜಾಗವೇ ಉಳಿದಿರಲಿಲ್ಲ. ವಿರೋಧದ ನಡುವೆ ಅವರ ಬುದ್ಧಿ ಹೊಳೆಯಿತು; ವಿರೋಧ ಅಡಗಿದಾಗ ಮಂಕಾಯಿತು. ಯಾವ ಚಿಂತಕರಿಗೂ ಇದು ಅನ್ವಯಿಸುವ ಮಾತು.

ಯುದ್ಧದ ನಂತರ ಅವರು ಹಿಂದಿನ ದಾರಿಗೆ ಮರಳಲಿಲ್ಲ. 1950ರಲ್ಲಿ ಇತರ ಕೆಲವು ಮಹಿಳೆಯರ ಜೊತೆ ಸೇರಿ, ಜಪಾನ್ ನಿಶ್ಶಸ್ತ್ರವಾಗಿಯೇ ಉಳಿಯಬೇಕು ಎಂಬ ಮನವಿಯನ್ನು ಅಮೆರಿಕದ ಪ್ರತಿನಿಧಿ ಡಲ್ಲೆಸ್ ಅವರಿಗೆ ಮುಟ್ಟಿಸಿದರು. 1971ರ ಮೇ 24ರಂದು, 85ನೇ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ ಶಾಂತಿ ಚಳವಳಿಯಲ್ಲೇ ಇದ್ದರು. ಅಷ್ಟರಲ್ಲಿ 1946ರ ಚುನಾವಣೆಯಲ್ಲಿ ಮಹಿಳೆಯರು ಮೊದಲ ಸಲ ಮತ ಹಾಕಿ 39 ಮಹಿಳೆಯರನ್ನು ಸಂಸತ್ತಿಗೆ ಕಳಿಸಿದ್ದರು. 1947ರಲ್ಲಿ ವ್ಯಭಿಚಾರದ ಅಪರಾಧವೂ ಯಜಮಾನನ ಅಧಿಕಾರವೂ ಕಾನೂನಿನಿಂದ ಹೋಗಿದ್ದವು. ಇವೆಲ್ಲ ಒಂದು ಸಣ್ಣ ಪತ್ರಿಕೆಯಿಂದ ಆದವು ಎಂದರೆ ಉತ್ಪ್ರೇಕ್ಷೆ. ಸೋತ ದೇಶದ ಮೇಲೆ ಬಂದ ಆಡಳಿತದ ಪಾತ್ರವೂ ಇದರಲ್ಲಿದೆ. ಆದರೆ ಆ ಕಾನೂನುಗಳು ಬಂದಾಗ ಅವುಗಳ ಅರ್ಥ ಬಲ್ಲ, ಅವುಗಳಿಗಾಗಿ ಮೊದಲೇ ವಾದಿಸಿದ್ದ ಹೆಣ್ಣುಮಕ್ಕಳು ಜಪಾನಿನಲ್ಲಿದ್ದರು. ಅವರನ್ನು ಸಿದ್ಧಗೊಳಿಸಿದ್ದರಲ್ಲಿ ಆ 52 ಸಂಚಿಕೆಗಳ ಪಾಲಿದೆ.

ಪತ್ರಿಕೆಯೊಂದರ ತೂಕವನ್ನು ಪ್ರಸಾರ ಸಂಖ್ಯೆಯಿಂದಲೋ ಆಯುಸ್ಸಿನಿಂದಲೋ ಅಳೆಯುವುದು ನಮಗೆ ರೂಢಿ. ಆ ಅಳತೆಯಲ್ಲಿ ನಾಲ್ಕೂವರೆ ವರ್ಷ ಬದುಕಿದ ‘ಸೇತೋ’ ಸೋತ ಪತ್ರಿಕೆ. ಅದಕ್ಕೆ ಮುನ್ನ ಬಾಯಿ ಬಿಟ್ಟು ಕೇಳಲಾಗದಿದ್ದ ಎಷ್ಟು ಪ್ರಶ್ನೆಗಳು ಅದು ನಿಂತ ಮೇಲೆ ಕೇಳಬಹುದಾದವು ಎಂದು ಅಳೆದರೆ ಅದಕ್ಕೆ ಸಾಟಿಯಾಗುವ ಪತ್ರಿಕೆಗಳು ಕಡಿಮೆ. ಅಂಥ ಪ್ರಶ್ನೆಗಳು ಇನ್ನೂ ಮುಗಿದಿಲ್ಲ. ಮದುವೆಯಾದ ದಂಪತಿ ಒಂದೇ ಮನೆತನದ ಹೆಸರು ಇಟ್ಟುಕೊಳ್ಳಬೇಕು ಎನ್ನುವ ಕಾನೂನನ್ನು ಜಪಾನಿನ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಎತ್ತಿಹಿಡಿಯಿತು, 2021ರಲ್ಲಿ ಮತ್ತೆ ಎತ್ತಿಹಿಡಿಯಿತು. ಹೆಸರು ಬಿಡುವವರು ಬಹುತೇಕ ಹೆಂಡತಿಯರೇ.